ಕಮಾನು ಕಟ್ಟಿದ ಗಾಡಿ

ಇತಿಹಾಸದ ಪಠ್ಯಪುಸ್ತಕಗಳಲ್ಲಿ ಜನ ಸದಾ ಎಲ್ಲಿಗಾದರೂ ಹೋಗುತ್ತಲೇ ಇರುತ್ತಾರೆ. ರಾಜರು ದಂಡೆತ್ತಿ ಹೋಗುತ್ತಾರೆ, ವರ್ತಕರು ಮೆಣಸು ಅಡಿಕೆ ಹೇರಿಕೊಂಡು ಘಟ್ಟ ಇಳಿಯುತ್ತಾರೆ, ಭಕ್ತರು ಯಾತ್ರೆ ಹೊರಡುತ್ತಾರೆ. ಆದರೆ ದಾರಿಯಲ್ಲಿ ಕತ್ತಲಾದಾಗ ಇವರೆಲ್ಲ ಎಲ್ಲಿ ಮಲಗಿದರು, ಮಳೆ ಬಂದರೆ ಎಲ್ಲಿ ನಿಂತರು, ಹಾಲು ಕುಡಿಯುವ ಕೂಸಿದ್ದ ತಾಯಿ ಎಲ್ಲಿ ಮರೆ ಹುಡುಕಿಕೊಂಡಳು, ಒಲೆ ಎಲ್ಲಿ ಹೂಡಿದರು ಎಂಬ ಮಾತು ಮಾತ್ರ ಪುಸ್ತಕದಲ್ಲಿ ಬರುವುದಿಲ್ಲ. ಬರೆದವರಿಗೆ ಅದು ಹೇಳಬೇಕಾದ ವಿಷಯವೆನಿಸಿರಲಿಲ್ಲವೋ ಏನೋ. ಊಟ ಎಲೆಗೆ ಬಂದು ಬೀಳುತ್ತಿದ್ದವರಿಗೆ ಒಲೆಯ ಚಿಂತೆ ಯಾಕೆ?

ನಮ್ಮ ಮೈಸೂರು ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರವಾಗಿದ್ದದ್ದು ಕಮಾನು ಗಾಡಿ. ಕೆಲವರು ಸವಾರಿ ಗಾಡಿ ಎನ್ನುತ್ತಿದ್ದರು, ಕೊಲ್ಲಾರಿ ಗಾಡಿ ಎಂಬ ಹೆಸರೂ ಕೇಳಿಬರುತ್ತಿತ್ತು. ಶ್ರೀಮಂತರ ಮನೆಗಳಲ್ಲಿ ಸವಾರಿಗೆಂದೇ ಬೇರೆ ಗಾಡಿ ಇರುತ್ತಿತ್ತು. ನಮ್ಮಂಥ ಸಾಧಾರಣ ಬೇಸಾಯಗಾರರ ಮನೆಗಳಲ್ಲಿ ಗಾಡಿ ಒಂದೇ. ನಿನ್ನೆ ಗೊಬ್ಬರ ಹೊತ್ತದ್ದು ಅದೇ, ನಾಳೆ ಹುಲ್ಲು ಹೇರುವುದೂ ಅದೇ. ನಡುವೆ ಒಂದು ಜಾತ್ರೆಯೋ ಮದುವೆಯೋ ಬಂದರೆ ಅದನ್ನು ತೊಳೆದು, ಅಕ್ಕಪಕ್ಕದ ಗೂಟಗಳಿಗೆ ಬಿದಿರು ದಬ್ಬೆಗಳನ್ನು ಬಾಗಿಸಿ ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಒಂದು ಮೊಳ ದಪ್ಪಕ್ಕೆ ಭತ್ತದ ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸಿದರೆ ಮನೆ ಸಿದ್ಧ. ಹಿಂದೆ ಮುಂದೆ ಹಳೆಯ ಸೀರೆಯ ಪರದೆ. ಜಾತ್ರೆ ಮುಗಿಸಿ ಬಂದ ಮಾರನೆಯ ದಿನ ಕಮಾನು ಬಿಚ್ಚಿ ಅಟ್ಟಕ್ಕೆ ಏರಿಸಿದರೆ ಗಾಡಿ ಮತ್ತೆ ಹೊಲಕ್ಕೆ.

ಈ ಗಾಡಿ ಅನಾದಿ ಕಾಲದ್ದು ಎಂದು ನಾವು ಭಾವಿಸುತ್ತೇವೆ. ಚಕ್ರ ಹಳೆಯದು, ನಿಜ. ಆದರೆ ಊರಿಂದೂರಿಗೆ ದೂರದೂರ ಗಾಡಿಯಲ್ಲಿ ಹೋಗುವುದು ಅಷ್ಟು ಹಳೆಯದಲ್ಲ. ಇನ್ನೂರು ವರ್ಷಗಳ ಹಿಂದೆ ನಮ್ಮ ಕಡೆ ಸಾಮಾನು ಹೆಚ್ಚಾಗಿ ಸಾಗುತ್ತಿದ್ದದ್ದು ಹೇರೆತ್ತುಗಳ ಬೆನ್ನಿನ ಮೇಲೆ. ಲಂಬಾಣಿಗಳು ನೂರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ನಡೆದೇ ಸೀಮೆ ಸೀಮೆ ದಾಟುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಮುಂದೆ ಟಿಪ್ಪು ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟ ಆ ದನಗಳ ಇಲಾಖೆ ಹೆಸರಾದದ್ದು ದಂಡಿನ ಸಾಮಾನು ಎಳೆಯುವ ಎತ್ತುಗಳಿಗಾಗಿ. ಸಾಮಾನ್ಯ ಜನ ಗಾಡಿ ಕಟ್ಟಿಕೊಂಡು ದೂರ ಹೋಗಬೇಕಾದರೆ ಮೊದಲು ದಾರಿ ಬೇಕು, ಹಳ್ಳಕ್ಕೆ ಮೋರಿ ಬೇಕು, ಹೊಳೆಗೆ ಸೇತುವೆ ಬೇಕು. ಮೈಸೂರು ಸೀಮೆಯಲ್ಲಿ ಅವು ದೊಡ್ಡ ಪ್ರಮಾಣದಲ್ಲಿ ಆದದ್ದು ಕಮಿಷನರ್ ಮಾರ್ಕ್ ಕಬ್ಬನ್ ಆಳಿದ 1834ರಿಂದ 1861ರವರೆಗಿನ ಕಾಲದಲ್ಲಿ. ರಸ್ತೆ ಬಂದ ಮೇಲೆ ಗಾಡಿ ಹೆಚ್ಚಿದವು. ಗಾಡಿ ಹೆಚ್ಚಿದ ಮೇಲೆ ಊರೂರಲ್ಲಿ ಗಾಡಿ ಮಾಡುವ ಆಚಾರ್ರು, ಹಳಿ ಬಡಿಯುವ ಕಮ್ಮಾರರು ಹೆಚ್ಚಿದರು.

ಒಂದು ಸೇತುವೆ ಮಾತ್ರ ಕಬ್ಬನ್ನನಿಗಿಂತ ನೂರು ವರ್ಷ ಹಿಂದಿನದು. ನಂಜನಗೂಡಿನ ಹತ್ತಿರ ಕಪಿಲೆಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ. ನಮ್ಮ ಅಜ್ಜಿಯ ಬಾಯಲ್ಲಿ ಅದು ಬರಿಯ ‘ಸೇತ್ವೆ’. ಲೋಕದಲ್ಲಿ ಬೇರೆ ಸೇತುವೆ ಇದ್ದರೂ ಅವಕ್ಕೆ ಸಂಬಂಧವಿಲ್ಲ. ಮೈಸೂರಿನಿಂದ ನಂಜನಗೂಡಿಗೆ ಸುಮಾರು 23 ಕಿಲೋಮೀಟರ್. ಎತ್ತಿನ ನಡಿಗೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚಲ್ಲ. ಹಾಗಾಗಿ ದೊಡ್ಡ ಜಾತ್ರೆಗೆ ಹೋಗುವವರು ರಾತ್ರಿ ಊಟ ಮುಗಿಸಿ ಗಾಡಿ ಹೂಡುತ್ತಿದ್ದರು. ಎತ್ತಿಗೂ ತಂಪು, ಮಕ್ಕಳಿಗೂ ನಿದ್ದೆ. ಅಚ್ಚಿನ ಕೆಳಗೆ ಲಾಟೀನು ತೂಗುಹಾಕಿದರೆ ಅದರ ಬೆಳಕಿನಲ್ಲಿ ಚಕ್ರದ ನೆರಳು ದಾರಿಯುದ್ದಕ್ಕೂ ತಿರುಗುತ್ತ ಬರುತ್ತಿತ್ತಂತೆ. ಬೆಳಗಿನ ಜಾವ ಸೇತುವೆಯ ಕಲ್ಲಿನ ಮೇಲೆ ಹಳಿ ಗಡಗಡ ಎಂದಾಗ ಹೆಂಗಸರು ಎದ್ದು ಕೂತು ತಲೆ ಸರಿಮಾಡಿಕೊಳ್ಳುತ್ತಿದ್ದರು. ನಂಜುಂಡೇಶ್ವರನ ಸನ್ನಿಧಿ ಬಂತು ಎಂಬುದಕ್ಕೆ ಅದೇ ಗಂಟೆ.

ಹೊಳೆಯ ದಂಡೆಯ ತೋಪಿನಲ್ಲಿ ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟು ಗಾಡಿಯನ್ನು ಮಟ್ಟ ಮಾಡಿದರೆ ಮೂರು ದಿನದ ಸಂಸಾರ ಅಲ್ಲೇ. ಗಾಡಿಯ ಮೇಲೆ ಹೆಂಗಸರು ಮಕ್ಕಳು, ಕೆಳಗೆ ಗಂಡಸರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಹುಳಿಯನ್ನ, ರೊಟ್ಟಿ, ಚಟ್ನಿಪುಡಿಯ ಬುತ್ತಿ ಮೊದಲ ದಿನಕ್ಕೆ, ಆಮೇಲೆ ಅಡಿಗೆ. ಐದು ತೇರು ಎಳೆಯುವುದನ್ನು ನೋಡಲು ಬಂದ ಸಾವಿರಾರು ಸಂಸಾರಗಳು ಹೀಗೆ ಇಳಿದಾಗ ತೋಪೇ ಒಂದು ಊರಾಗುತ್ತಿತ್ತು. ವರ್ಷಕ್ಕೊಮ್ಮೆ ಕಂಡ ಪಕ್ಕದ ಗಾಡಿಯವರ ಜೊತೆ ಹೆಣ್ಣು ಗಂಡಿನ ಮಾತುಕತೆಯೂ ಆಗುತ್ತಿತ್ತು. ನಮ್ಮ ಅಜ್ಜಿಯನ್ನು ನೋಡಿ ಒಪ್ಪಿದ್ದು ಹೀಗೆಯೇ, ಗಾಡಿಯ ಪರದೆಯ ಮರೆಯಿಂದ ಅವಳು ಕಾಫಿ ಲೋಟ ಚಾಚಿದಾಗ.

ಆದರೆ ಕಮಾನು ಗಾಡಿ ಸಂತೋಷದ ಕಾಲಕ್ಕೆ ಮಾತ್ರ ಕಟ್ಟಿದ್ದಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂತು. ಇಲಿ ಬಿದ್ದಿತು ಎಂಬ ಸುದ್ದಿ ಕೇಳಿದೊಡನೆ ಜನ ಮನೆಗೆ ಬೀಗ ಹಾಕಿ ಊರಾಚೆಯ ಬಯಲು ಸೇರುತ್ತಿದ್ದರು. ಉಳ್ಳವರಿಗೆ ತಗಡಿನ ಶೆಡ್ಡು, ಇಲ್ಲದವರಿಗೆ ಸೋಗೆಯ ಗುಡಿಸಲು. ಅದಾದ ಮೇಲೂ ಎಷ್ಟೋ ವರ್ಷಗಳವರೆಗೆ ಪ್ಲೇಗ್ ಮತ್ತೆ ಮತ್ತೆ ತಲೆಯೆತ್ತುತ್ತಲೇ ಇತ್ತು. ನಮ್ಮ ಮುತ್ತಜ್ಜಿ ಆಗ ಸಣ್ಣ ಹುಡುಗಿ. ಅವಳ ತಾಯಿ ಐದು ಮಕ್ಕಳನ್ನು ಕಮಾನು ಗಾಡಿಯೊಳಗೆ ಹಾಕಿಕೊಂಡು ಹುಣಸೆ ತೋಪಿನಲ್ಲಿ ಎರಡು ತಿಂಗಳು ಕಳೆದಳಂತೆ. ಮರಳಿ ಊರು ಹೊಕ್ಕಾಗ ಮಕ್ಕಳು ನಾಲ್ಕೇ. ಆ ಐದನೆಯ ಮಗುವಿನ ಹೆಸರು ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಗಾಡಿಯ ಕಥೆ ಮಾತ್ರ ಉಳಿದಿದೆ. ಮುತ್ತಜ್ಜಿ ಕೊನೆಯವರೆಗೂ ಕಮಾನು ಕಟ್ಟಿದ ಗಾಡಿ ಕಂಡರೆ ಮೊದಲು ಒಳಗಿರುವ ಮಕ್ಕಳ ತಲೆ ಎಣಿಸುತ್ತಿದ್ದಳು ಎಂದು ಅಜ್ಜಿ ಹೇಳುತ್ತಿದ್ದಳು.

ಪ್ಲೇಗ್ ಮೈಸೂರಿನ ರೂಪವನ್ನೇ ಬದಲಿಸಿತು. ಕೋಟೆಯ ಸುತ್ತ ಒತ್ತೊತ್ತಾಗಿದ್ದ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕು ಬರುವ ಬಡಾವಣೆಗಳನ್ನು ಹಾಕಬೇಕೆಂದು 1903ರಲ್ಲಿ ನಗರಾಭಿವೃದ್ಧಿಗೆ ಪ್ರತ್ಯೇಕ ಟ್ರಸ್ಟ್ ಬೋರ್ಡ್ ಬಂತು. ಚಾಮರಾಜಪುರಂ, ಲಕ್ಷ್ಮೀಪುರಂ ಮುಂತಾದ ಹಳೆಯ ಬಡಾವಣೆಗಳ ನೇರ ರಸ್ತೆಗಳು, ಮನೆ ಮನೆಯ ನಡುವೆ ಬಿಟ್ಟ ಜಾಗ, ಹಿಂದಿನ ಸಣ್ಣ ಗಲ್ಲಿ ಇವನ್ನೆಲ್ಲ ನೋಡುವಾಗ ಆ ಭಯದ ದಿನಗಳು ನೆನಪಾಗಬೇಕು. ನಾನು ಇರುವುದು ಚಾಮರಾಜಪುರಂನಲ್ಲೇ. ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಗಾಡಿ ಆರಾಮವಾಗಿ ನಿಲ್ಲುವಷ್ಟು ಜಾಗವಿದೆ. ಬೆಂಗಳೂರಿನಿಂದ ಬಂದ ನೆಂಟರು ಅದನ್ನು ನೋಡಿ, ‘ಇಲ್ಲಿ ಎರಡು ಔಟ್‌ಹೌಸ್ ಕಟ್ಟಿಸಬಹುದಲ್ಲ’ ಎಂದು ಲೆಕ್ಕ ಹಾಕಿ ಹೋಗುತ್ತಾರೆ.

ಗಾಡಿಯ ದೂರ ಪ್ರಯಾಣಕ್ಕೆ ಕುತ್ತು ತಂದದ್ದು ರೈಲು. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ಶುರುವಾದ ಕಾಮಗಾರಿಯಿಂದ ಬೆಂಗಳೂರು ಮೈಸೂರು ನಡುವಿನ ದಾರಿ ಆಯಿತು, 1882ರಲ್ಲಿ ರೈಲು ಮೈಸೂರಿಗೆ ಬಂತು. 1891ರಲ್ಲಿ ನಂಜನಗೂಡಿಗೆ ಹೋಯಿತು. ಹೋದದ್ದು ಆ ಹಳೆಯ ಸೇತುವೆಯ ಮೇಲೆಯೇ! ಒಂದು ಮಗ್ಗುಲಲ್ಲಿ ರೈಲು, ಇನ್ನೊಂದು ಮಗ್ಗುಲಲ್ಲಿ ಗಾಡಿ. ಬ್ರಾಡ್‌ಗೇಜ್ ಬಂದ ಮೇಲೆ ಬೇರೆ ಸೇತುವೆಯಾಗಿ, ದಳವಾಯಿಯ ಸೇತುವೆಗೆ ರೈಲಿನ ಭಾರ ತಪ್ಪಿತು. ಇಂದು ನಮ್ಮ ಚಾಮರಾಜಪುರಂ ಸ್ಟೇಷನ್ನಿನಲ್ಲಿ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ನಂಜನಗೂಡು. ಇಡೀ ರಾತ್ರಿಯ ದಾರಿ ಒಂದು ಮೊಳ ಹೂವು ಕಟ್ಟುವಷ್ಟು ಹೊತ್ತಾಯಿತು.

ರೈಲು ಬಂದರೂ ದಾರಿಯಲ್ಲಿ ಸಂಸಾರ ಹೂಡುವ ಹೆಣ್ಣಿನ ಚಿಂತೆ ತಪ್ಪಲಿಲ್ಲ ಎಂಬುದಕ್ಕೆ ನಮ್ಮೂರಿನ ರೈಲ್ವೆ ಮ್ಯೂಸಿಯಂ ಸಾಕ್ಷಿ. ಕೆ.ಆರ್.ಎಸ್. ರಸ್ತೆಯಲ್ಲಿ ಸಿ.ಎಫ್.ಟಿ.ಆರ್.ಐ. ಎದುರು 1979ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಇದೆ, 1899ರದು. ಅದರಲ್ಲಿ ಅಡಿಗೆಯ ಭಾಗ, ಊಟದ ಭಾಗ, ಶೌಚಗೃಹ ಎಲ್ಲವೂ ಇವೆ. ಆ ವರ್ಷಗಳನ್ನು ಸ್ವಲ್ಪ ಜೋಡಿಸಿ ನೋಡಿ. ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಇನ್ನೂ ಹತ್ತರ ಹುಡುಗ. ವಿಧವೆ ವಾಣಿವಿಲಾಸ ಸನ್ನಿಧಾನದವರು 1895ರಿಂದ 1902ರವರೆಗೆ ರೀಜೆಂಟರಾಗಿ ರಾಜ್ಯಭಾರ ಹೊತ್ತರು. 1897ರಲ್ಲಿ ಮಗಳ ಮದುವೆಯ ಸಮಯದಲ್ಲೇ ಮರದ ಅರಮನೆ ಸುಟ್ಟುಹೋಯಿತು. ಮರುವರ್ಷ ಪ್ಲೇಗ್. ಅದರ ಮರುವರ್ಷದ್ದು ಈ ಸಲೂನ್. ಗೋಷಾ ಪದ್ಧತಿಯ ಅರಮನೆಯ ಹೆಂಗಸು ಪ್ರಯಾಣ ಮಾಡಬೇಕಾದರೆ ಅಡಿಗೆ, ಮಡಿ, ಮರೆ ಎಲ್ಲವೂ ಜೊತೆಯಲ್ಲೇ ಸಾಗಬೇಕು. ನಮ್ಮ ಮುತ್ತಜ್ಜಿಯ ತಾಯಿ ಹಳೆಯ ಸೀರೆಯಿಂದ ಮಾಡಿಕೊಂಡ ಏರ್ಪಾಟನ್ನೇ ಮಹಾರಾಣಿಗೆ ಬಡಗಿಗಳು ಒಳ್ಳೆಯ ಮರದಲ್ಲಿ ಮಾಡಿಕೊಟ್ಟರು. ಅಂತರ ದೊಡ್ಡದು, ಆದರೆ ಅಗತ್ಯಗಳ ಪಟ್ಟಿ ಒಂದೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಹುಡುಗರು ಎಂಜಿನ್ನಿನ ಕಡೆ ಓಡುತ್ತಾರೆ, ಹುಡುಗಿಯರು ಸಲೂನಿನ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಾರೆ.

ಮೈಸೂರಿನಿಂದ ಹೋದ ಇನ್ನೊಂದು ಸಂಚಾರಿ ಮನೆ ಬಹಳ ದೂರದಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನದೆಂದು ಹೇಳುವ ಹೂಬಳ್ಳಿಯ ಚೀಟಿಬಟ್ಟೆಯ ಡೇರೆಯೊಂದು ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಮನೆತನದ ಪಾಲಾಯಿತು. ಅದು ವೇಲ್ಸ್ ದೇಶದ ಪೊವಿಸ್ ಕೋಟೆ ಸೇರಿತು. ಅಲ್ಲಿ ಅದನ್ನು ತೋಟದ ಔತಣಗಳಿಗೆ ಚಪ್ಪರದಂತೆ ಬಳಸಿದರಂತೆ. ಈಗ ಬೆಳಕು ತಾಗದಂತೆ, ದಾರ ಬಿಡದಂತೆ ಜೋಪಾನ ಮಾಡುತ್ತಿದ್ದಾರೆ. ದಂಡಿನ ಜೊತೆ ಬಿಸಿಲು ಮಳೆಯಲ್ಲಿ ಅಲೆಯಬೇಕಾದ ಬಟ್ಟೆಗೆ ಕೊನೆಗೆ ಕತ್ತಲ ಕೋಣೆಯ ಭಾಗ್ಯ.

ಇಷ್ಟೆಲ್ಲ ಹೇಳಲು ಕಾರಣ ನಮ್ಮ ಮನೆಯ ಗಾಡಿ. ಇದು ಪ್ಲೇಗಿನ ಕಾಲದ್ದಲ್ಲ, ಅಜ್ಜಿಯ ಮದುವೆಯಾದ ಮೇಲೆ ಮಾಡಿಸಿದ್ದು. ಊರಿನಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳನ್ನು ಮಾರಿದರು. ಗಾಡಿಯನ್ನು ಬಿಚ್ಚಿ ತಂದು ಚಾಮರಾಜಪುರಂನ ಕೊಟ್ಟಿಗೆಯಲ್ಲಿ ಒರಗಿಸಿದರು. ಅದರ ಮೇಲೆ ಹಳೆಯ ಪೇಪರು, ಒಡೆದ ಕುಕ್ಕರು, ಮಕ್ಕಳ ತೊಟ್ಟಿಲು ಎಲ್ಲ ಸೇರಿ ಗಾಡಿ ಇರುವುದೇ ಮರೆತುಹೋಗಿತ್ತು. ಹೊರವಲಯದ ಹೋಟೆಲೊಂದರವರು ಬಾಗಿಲ ಮುಂದೆ ಅಲಂಕಾರಕ್ಕೆ ಇಡಲು ಹಳೆಯ ಗಾಡಿ ಹುಡುಕುತ್ತಿದ್ದಾರೆಂದು ಅಣ್ಣ ಸುದ್ದಿ ತಂದಾಗಲೇ ಅದು ಮತ್ತೆ ಕಣ್ಣಿಗೆ ಬಿದ್ದದ್ದು.

‘ಒಳ್ಳೆ ದುಡ್ಡು ಕೊಡ್ತಾರೆ. ನಾಲ್ಕು ಜನ ನೋಡ್ತಾರೆ. ಇಲ್ಲಿ ಗೆದ್ದಲು ತಿಂದುಹೋಗೋದಕ್ಕಿಂತ ವಾಸಿ ಅಲ್ಲವೇನಮ್ಮ?’ ಎಂದ ಅಣ್ಣ. ಅವನ ಮಾತು ತಪ್ಪೆಂದು ಹೇಳಲಾಗದು. ನಾನು ಕೇಳಿದ್ದು ಇಷ್ಟೇ: ‘ಅವರು ಚಕ್ರಕ್ಕೆ ಸಿಮೆಂಟ್ ಹಾಕಿ ನಿಲ್ಲಿಸ್ತಾರಂತಲ್ಲಣ್ಣ?’ ಅಣ್ಣ ಉತ್ತರ ಹೇಳಲಿಲ್ಲ.

ಅದೇ ದಿನಗಳಲ್ಲಿ ಅಮೆರಿಕದಲ್ಲಿರುವ ಅಣ್ಣನ ಮಗ ಹಳೆಯ ಪಾಪ್-ಅಪ್ ಕ್ಯಾಂಪರ್ ಒಂದನ್ನು ಕೊಂಡಿದ್ದ. ಅದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಎರಡು ಚಕ್ರದ ತಗ್ಗು ಪೆಟ್ಟಿಗೆ. ಕಾಡಿನಲ್ಲೋ ಕೆರೆ ದಂಡೆಯಲ್ಲೋ ನಿಲ್ಲಿಸಿ ಹಿಡಿ ತಿರುಗಿಸಿದರೆ ಮಾಡು ಮೇಲೇಳುತ್ತದೆ, ಅತ್ತ ಇತ್ತ ಹಾಸಿಗೆಗಳು ಹೊರಗೆ ಜಾರುತ್ತವೆ, ಸುತ್ತಲೂ ಕ್ಯಾನ್ವಾಸಿನ ಗೋಡೆ. ಪ್ರತಿ ಭಾನುವಾರ ಫೋನಿನಲ್ಲಿ ಅದನ್ನು ತೋರಿಸುತ್ತಿದ್ದ. ಮಾಡಿನ ಸಂದಿಯಿಂದ ನೀರಿಳಿದು ನೆಲದ ಪ್ಲೈವುಡ್ ಮೆತ್ತಗಾಗಿತ್ತು. ಕ್ಯಾನ್ವಾಸ್ ಮೂಲೆಗಳಲ್ಲಿ ಹರಿದಿತ್ತು. ಚಕ್ರದ ಬೇರಿಂಗಿನಲ್ಲಿ ಗ್ರೀಸ್ ಒಣಗಿ ಅಂಟಾಗಿತ್ತು. ಅವನು ಕೊಳೆತ ನೆಲ ಕಿತ್ತು ಹೊಸದು ಹಾಕಿದ, ಸಂದಿ ಮುಚ್ಚಿದ, ಮಾಡು ಎತ್ತುವ ತಂತಿ ಬದಲಾಯಿಸಿದ, ಹೆಂಡತಿ ಕೂತು ಕ್ಯಾನ್ವಾಸಿಗೆ ತೇಪೆ ಹೊಲಿದಳು. ‘ಹೊಸದು ತಗೊಳ್ಳಬಹುದಿತ್ತಲ್ಲೋ’ ಎಂದು ಅತ್ತಿಗೆ ಕೇಳಿದ್ದಕ್ಕೆ, ‘ಇದರ ಒಳಗೆಲ್ಲ ಈಗ ನನಗೆ ಗೊತ್ತಮ್ಮ, ದಾರೀಲಿ ಕೆಟ್ಟರೆ ನಾನೇ ಸರಿ ಮಾಡ್ತೀನಿ’ ಎಂದ. ಅಣ್ಣ ಆ ಮಾತನ್ನು ಕೇಳಿಸಿಕೊಂಡು ಎದ್ದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಒಡೆದ ಕುಕ್ಕರು, ಪೇಪರಿನ ಕಟ್ಟು ಕೊಟ್ಟಿಗೆಯಿಂದ ಹೊರಗೆ ಬರತೊಡಗಿದವು.

ಗಾಡಿ ಬಲ್ಲ ಆಚಾರ್ರು ಸಿಗುವುದು ಸುಲಭವಾಗಲಿಲ್ಲ. ಕೊನೆಗೆ ನಂಜನಗೂಡಿನ ಕಡೆಯ ಹಳ್ಳಿಯಿಂದ ಎಪ್ಪತ್ತು ದಾಟಿದ ಒಬ್ಬರು ಬಂದರು. ಮೊದಲು ಅವರು ಅಳತೆ ತೆಗೆಯಲಿಲ್ಲ, ಸುತ್ತಿಗೆಯ ಹಿಡಿಯಿಂದ ಮರವನ್ನು ಅಲ್ಲಲ್ಲಿ ತಟ್ಟಿ ಕಿವಿ ಇಟ್ಟು ಕೇಳಿದರು. ಚಕ್ರದ ನಡುವಿನ ದಪ್ಪ ಗುಂಬ ಗಟ್ಟಿಯಾಗಿತ್ತು. ಗುಂಬದಿಂದ ಸುತ್ತಿಗೆ ಚಾಚಿದ 12 ಕಾಲುಗಳಲ್ಲಿ ಒಂದು ಚಕ್ರದಲ್ಲಿ ಮೂರು, ಇನ್ನೊಂದರಲ್ಲಿ ಒಂದು ಹುಳು ಹಿಡಿದಿದ್ದವು. ಹಲಗೆಗಳು ಅರ್ಧಕ್ಕರ್ಧ ಹೋಗಿದ್ದವು. ಮೂಕಿಯ ತುದಿ ಸೀಳಿತ್ತು. ‘ಜಾಲಿ ಮರ ಬೇಕು ಟೀಚರಮ್ಮ, ಚೆನ್ನಾಗಿ ಆರಿದ್ದು. ಹಸಿ ಮರ ಹಾಕಿದರೆ ಮುಂದಿನ ಬೇಸಿಗೆಗೆ ಚಕ್ರ ಲಟಲಟ ಅನ್ನುತ್ತೆ’ ಎಂದರು. ಆರಿದ ಜಾಲಿ ಅವರ ಮನೆಯ ಸೂರಿನಲ್ಲೇ ಇತ್ತು. ಯಾವ ಗಾಡಿಗೆಂದು ಎತ್ತಿಟ್ಟಿದ್ದರೋ, ಇನ್ನು ಯಾರೂ ಕೇಳಿ ಬರುವುದಿಲ್ಲವೆಂದು ಗೊತ್ತಿದ್ದರೂ ಸೌದೆಗೆ ಹಾಕಿರಲಿಲ್ಲ.

ಹಳಿ ಏರಿಸುವ ದಿನ ಊರಿಗೇ ಹೋದೆವು, ನಗರದ ನಡುವೆ ಅಷ್ಟು ಬೆಂಕಿ ಮಾಡುವಂತಿಲ್ಲ. ಚಕ್ರಕ್ಕಿಂತ ಹಳಿ ಬಳೆಯ ಸುತ್ತಳತೆ ಒಂದಿಷ್ಟು ಕಡಿಮೆ ಇರುತ್ತದೆ. ನೆಲದ ಮೇಲೆ ಹಳಿಯನ್ನು ಮಲಗಿಸಿ, ಸುತ್ತ ಬೆರಣಿ ಸೌದೆ ಜೋಡಿಸಿ ಬೆಂಕಿ ಕೊಡುತ್ತಾರೆ. ಕಬ್ಬಿಣ ಕೆಂಪೇರಿ ಹಿಗ್ಗಿದಾಗ ಮೂವರು ಇಕ್ಕಳ ಹಿಡಿದು ಎತ್ತಿ ಚಕ್ರದ ಮೇಲೆ ಕೂರಿಸಿ ಬಡಿಯುತ್ತಾರೆ. ಮರ ಹೊತ್ತಿ ಹೊಗೆಯೇಳುತ್ತದೆ. ಆಗ ಕೊಡ ಕೊಡ ನೀರು ಸುರಿಯಬೇಕು. ಆ ಕೆಲಸ ಹಿಂದಿನಿಂದಲೂ ಹೆಂಗಸರದಂತೆ. ನಾನು, ಅತ್ತಿಗೆ, ಊರಿನ ಮೂವರು ಹೆಣ್ಣುಮಕ್ಕಳು ನೀರು ಹೊತ್ತು ಸುರಿದೆವು. ಕಬ್ಬಿಣ ಕುಗ್ಗುತ್ತ ಬಂದಂತೆ ಸಡಿಲವಾಗಿದ್ದ ಒಂದೊಂದು ಸಂದೂ ಟಕ್ ಟಕ್ ಎಂದು ಒಳಗೆ ಸೇರಿಕೊಳ್ಳುವ ಸದ್ದು ನಮಗೆಲ್ಲ ಕೇಳಿಸಿತು. ಮೊಳೆಯಿಲ್ಲ, ಅಂಟಿಲ್ಲ. ಬೆಂಕಿ ಮತ್ತು ನೀರು ಸೇರಿ ಚಕ್ರವನ್ನು ಹಿಡಿದಿಟ್ಟವು. ‘ಈಗ ನೀವು ತಲೆ ಮೇಲೆ ಹೊತ್ತುಕೊಂಡು ಎತ್ತಿಹಾಕಿದರೂ ಬಿಚ್ಚಲ್ಲ’ ಎಂದರು ಆಚಾರ್ರು.

ಕಮಾನಿಗೆ ಬಿದಿರು ನಮ್ಮ ಮೈಸೂರಿನ ಬಂಬೂ ಬಜಾರಿನ ಮೇದರಿಂದ ತಂದೆವು. ಕೀಲೆಣ್ಣೆಯನ್ನು ಮಾತ್ರ ಹಳೆಯ ಕ್ರಮದಲ್ಲೇ ಮಾಡಿದೆ, ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ. ಅಜ್ಜಿ ಅದನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಗೆ ತೂಗುಹಾಕುತ್ತಿದ್ದದ್ದು ನೆನಪಿತ್ತು. ಕೊಳವೆಯೂ ಮೇದರೇ ಕೊಟ್ಟರು, ದುಡ್ಡು ಬೇಡವೆಂದರು.

ಖರ್ಚಿನ ಲೆಕ್ಕ ನೋಡಿದರೆ ಇದು ಬುದ್ಧಿವಂತರ ಕೆಲಸವಲ್ಲ. ಹೋಟೆಲಿನವರು ಕೊಡುತ್ತೇನೆಂದದ್ದೂ ಹೋಯಿತು, ಕೈಯಿಂದಲೂ ಹೋಯಿತು. ಆದರೆ ಎತ್ತಿನ ಗಾಡಿಯನ್ನು ಹಳೆಯ ಕಾಲದ ಆಟಿಕೆ ಎಂದು ತಿಳಿಯುವುದೂ ಸರಿಯಲ್ಲ. ಬೆಂಗಳೂರಿನ ಐ.ಐ.ಎಂ.ನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ದೇಶದ ಗಾಡಿಗಳ ಅಧ್ಯಯನಕ್ಕೆ ಇಳಿದಾಗ ಅವುಗಳ ಸಂಖ್ಯೆಯನ್ನು ಕೋಟಿಗಳಲ್ಲಿ ಲೆಕ್ಕ ಹಾಕಬೇಕಾಯಿತು. ಎತ್ತಿನ ಹೆಗಲ ನೋವು ಕಡಿಮೆಯಾಗುವಂಥ ನೊಗ, ಹಗುರವಾದ ಗಾಡಿ ಬೇಕೆಂದು ಅವರು ವರ್ಷಗಟ್ಟಲೆ ಹೇಳಿದರು. ಮ್ಯಾನೇಜ್‌ಮೆಂಟ್ ಕಲಿಸುವವರು ಎತ್ತಿನ ಹೆಗಲು ಮುಟ್ಟಿ ನೋಡಿದರಲ್ಲ ಎಂಬುದೇ ನನಗೆ ಅವರ ಮೇಲಿನ ಗೌರವಕ್ಕೆ ಕಾರಣ.

ನಮ್ಮ ಗಾಡಿ ಈಗ ಊರಿನಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲಿದೆ. ಅವನಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಗೊಬ್ಬರಕ್ಕೂ ಹುಲ್ಲಿಗೂ ಹೂಡುತ್ತಾನೆ, ಜಾತ್ರೆಗೆ ಕಮಾನು ಕಟ್ಟುತ್ತಾನೆ. ಹಲಗೆಯ ಮೇಲೆ ಆಗಲೇ ಗೀರು ಬಿದ್ದಿವೆ, ಸಗಣಿ ಮೆತ್ತಿದೆ. ಅಣ್ಣ ಮೊದಲು ಮುಖ ಸಿಂಡರಿಸಿದ, ಆಮೇಲೆ ತಾನೇ ಬೇಸಿಗೆಯಲ್ಲಿ ಫೋನ್ ಮಾಡಿ ‘ಚಕ್ರಕ್ಕೆ ನೀರು ಕುಡಿಸಿದೆಯೇನೋ?’ ಎಂದು ಕೇಳತೊಡಗಿದ. ಬಿಸಿಲಿಗೆ ಮರ ಒಣಗಿ ಹಳಿ ಸಡಿಲವಾಗುತ್ತದೆ, ಆಗ ಗಾಡಿಯನ್ನು ಕೆರೆಗೆ ಇಳಿಸಿ ಸ್ವಲ್ಪ ಹೊತ್ತು ನೀರಿನಲ್ಲಿ ನಿಲ್ಲಿಸಬೇಕು. ಕೆರೆ ಬತ್ತಿದ ವರ್ಷ ಗೋಣಿಚೀಲ ನೆನೆಸಿ ಸುತ್ತಬೇಕು. ಕಮಾನಿನ ಚಾಪೆ ಮೂರು ನಾಲ್ಕು ಮಳೆಗಾಲಕ್ಕೆ ಹೋಗುತ್ತದೆ, ಮತ್ತೆ ಹೆಣೆಸಬೇಕು. ಆ ಆಚಾರ್ರ ಬಳಿ ಚಿಕ್ಕಪ್ಪನ ಮಗನ ಹುಡುಗಿ, ಹದಿಮೂರು ವರ್ಷದವಳು, ಮರ ತಟ್ಟಿ ಕೇಳುವುದನ್ನು ಕಲಿಯುತ್ತಿದ್ದಾಳೆ. ಆಟಕ್ಕೇ ಇರಬಹುದು. ಯಾವ ಮರ ಹೇಗೆ ಸದ್ದು ಮಾಡುತ್ತದೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡು ಎಂದು ಅವಳಿಗೆ ಹೇಳಿದ್ದೇನೆ. ಮೊದಲ ಪುಟದಲ್ಲಿ ಜಾಲಿ ಬಂದಿದೆ, ಎರಡನೆಯದರಲ್ಲಿ ತೇಗ.